ಹದಿನಾಲ್ಕನೇ ದಿನದ ಲೆಕ್ಕ ಬಿಟ್ಟ ಮೇಲೆ ಸಿಕ್ಕಿದ್ದು

ಮಗು ಬೇಕೆನ್ನುವವರಿಗೆ ‘ಮುಟ್ಟು ಶುರುವಾದ ದಿನದಿಂದ ಹದಿನಾಲ್ಕನೇ ದಿನ ಅಂಡ ಬಿಡುಗಡೆ’ ಅನ್ನುತ್ತಾರೆ. 28 ದಿನಕ್ಕೆ ತಪ್ಪದೆ ಮುಟ್ಟಾಗುವವರಿಗೆ ಈ ಲೆಕ್ಕ ಹೊಂದಬಹುದು. ನನ್ನದು 33ರಿಂದ 36 ದಿನದ ಚಕ್ರ. ಸ್ಕ್ಯಾನಿಂಗ್‌ಗೆ 9, 11, 13ನೇ ದಿನ ಕರೆದು, ಮೂರನೇ ಸಲ ‘ಫಾಲಿಕಲ್ 11 ಎಂಎಂ, ಬೆಳೆದಿಲ್ಲ’ ಅಂತ ಬರೆದು ಕಳಿಸುತ್ತಿದ್ದರು. ಫಾಲಿಕಲ್ ಅಂದರೆ ಅಂಡವಿರುವ ಚೀಲ; ಅದು 18–20 ಎಂಎಂ ಆಗಲು ಇನ್ನೂ ಒಂದು ವಾರ ಬೇಕಿತ್ತು. ಒಂದು ಸ್ಕ್ಯಾನಿಗೆ ಸುಮಾರು 700 ರೂಪಾಯಿ, ಎರಡು ತಿಂಗಳಿಗೆ ನಾಲ್ಕು ಸಾವಿರದ ಮೇಲೆ ಹೋಯಿತು. 21ನೇ ದಿನದ ಪ್ರೊಜೆಸ್ಟರಾನ್ (ಅಂಡ ಬಿಡುಗಡೆಯಾದ ಮೇಲೆ ಏರುವ ಹಾರ್ಮೋನ್) ಪರೀಕ್ಷೆಯದೂ ಇದೇ ಕಥೆ: 0.8 ನ್ಯಾನೋಗ್ರಾಂ/ಎಂಎಲ್ ಬಂತು. ಅಂಡ ಬಿಡುಗಡೆಯಾಗಿ ಏಳು ದಿನಕ್ಕೆ ನೋಡಬೇಕಾದ್ದು ಅದು. ಮುಂದೆ 27ನೇ ದಿನ ಮಾಡಿಸಿದಾಗ 11ರ ಆಸುಪಾಸು ಬಂತು. 3 ದಾಟಿದರೆ ಅಂಡ ಬಿಡುಗಡೆಯಾಗಿದೆ ಅಂತಲೇ ಅರ್ಥ.

ಹಾಗಾಗಿ ಎಣಿಸುವುದಾದರೆ ಹಿಂದಿನಿಂದ ಎಣಿಸಿ. ಅಂಡ ಬಿಡುಗಡೆಯಿಂದ ಮುಂದಿನ ಮುಟ್ಟಿಗೆ ಸಾಮಾನ್ಯವಾಗಿ 12–14 ದಿನ. ಚಕ್ರ ಹಿಗ್ಗುವುದು ಹೆಚ್ಚಾಗಿ ಮೊದಲರ್ಧದಲ್ಲೇ.

ಅಂಡ ಬಿಡುಗಡೆ ಹತ್ತಿರವಾದುದನ್ನು ಮೂತ್ರದಲ್ಲಿ ತೋರಿಸುವ ಸ್ಟ್ರಿಪ್ (ಕಡ್ಡಿ) ವಿಷಯದಲ್ಲಿ ನಾನು ಕಳೆದುಕೊಂಡ ದುಡ್ಡು ಹೆಚ್ಚು. ಮೆಡಿಕಲ್ ಶಾಪಿನ ಐದು ಕಡ್ಡಿಯ ಡಬ್ಬಿ 16ನೇ ದಿನಕ್ಕೇ ಖಾಲಿ. ಬಿಡಿ ಕಡ್ಡಿಗಳನ್ನು ಐವತ್ತರ ಲೆಕ್ಕದಲ್ಲಿ ತರಿಸಿಕೊಂಡೆ, ಒಂದಕ್ಕೆ 15–20 ರೂಪಾಯಿ ಬಿತ್ತು. ಬೆಳಗಿನ ಮೊದಲ ಮೂತ್ರ ಗರ್ಭದ ಪರೀಕ್ಷೆಗೆ ಸರಿ, ಇದಕ್ಕಲ್ಲ. ಎಲ್‌ಎಚ್ (ಅಂಡ ಬಿಡುಗಡೆಗೆ ಮುಂಚೆ ಏರುವ, ಕಡ್ಡಿ ಹುಡುಕುವ ಹಾರ್ಮೋನ್) ಹೆಚ್ಚಿನವರಿಗೆ ಬೆಳಗಿನ ಜಾವ ಏರುತ್ತದೆ, ಮೂತ್ರದಲ್ಲಿ ಕಾಣಲು ಕೆಲವು ಗಂಟೆ ಬೇಕು. ಬೆಳಿಗ್ಗೆ 11ಕ್ಕೆ ಒಂದು, ಸಂಜೆ 7ಕ್ಕೆ ಒಂದು. ಅದಕ್ಕೆ ಮುಂಚೆ ಎರಡು ಗಂಟೆ ನೀರು, ಮಜ್ಜಿಗೆ, ಕಾಫಿ ಯಾವುದೂ ಬೇಡ. ಐದು ನಿಮಿಷಕ್ಕೆ ಓದಿ. ಒಣಗಿದ ಮೇಲೆ ಗೆರೆ ಗಾಢವಾದರೆ ಅದು ಲೆಕ್ಕಕ್ಕಿಲ್ಲ. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಅಥವಾ ಅದಕ್ಕಿಂತ ಗಾಢವಾಗಿದ್ದರೆ ಮಾತ್ರ ಪಾಸಿಟಿವ್. ‘ಎರಡು ಗೆರೆ ಬಂತು’ ಅಂತ ಕುಣಿಯಬೇಡಿ. ನನಗೆ ಗಾಢ ಗೆರೆ ಇರುತ್ತಿದ್ದುದು ಹತ್ತು ಹನ್ನೆರಡು ಗಂಟೆ ಅಷ್ಟೇ. ದಿನಕ್ಕೊಂದೇ ಕಡ್ಡಿ ಅದ್ದಿದ ಆರು ತಿಂಗಳು ಅದು ನನ್ನ ಕಣ್ಣಿಗೇ ಬೀಳಲಿಲ್ಲ.

 

ಪಿಸಿಓಡಿ ಇರುವವರಿಗೆ ಗೆರೆ ದಿನಗಟ್ಟಲೆ ಗಾಢವಾಗಿಯೇ ಇರಬಹುದು. ಅವರು ಕಡ್ಡಿಯನ್ನಷ್ಟೇ ನಂಬಿದರೆ ಕೆಟ್ಟರು. ಕ್ಲೋಮಿಫೀನ್ (ಅಂಡ ಬೆಳೆಸಲು ಕೊಡುವ ಮಾತ್ರೆ) ತೆಗೆದುಕೊಳ್ಳುವವರು ಕೊನೆಯ ಮಾತ್ರೆಯಾಗಿ ಮೂರು ದಿನ ಬಿಟ್ಟು ಶುರುಮಾಡಿ, ಇಲ್ಲದಿದ್ದರೆ ಸುಳ್ಳು ಪಾಸಿಟಿವ್.

ಪಾಸಿಟಿವ್ ಆದ 24ರಿಂದ 36 ಗಂಟೆಯೊಳಗೆ ಅಂಡ ಬಿಡುಗಡೆ. ಅಂಡದ ಆಯುಸ್ಸು ಒಂದು ದಿನ, ವೀರ್ಯಾಣುವಿನದು ಮೂರರಿಂದ ಐದು ದಿನ. ಕಡ್ಡಿಗಾಗಿ ಕಾಯುತ್ತಾ ಕೂತರೆ ಒಳ್ಳೆಯ ಎರಡು ದಿನ ಕೈಬಿಟ್ಟ ಹಾಗೆ. ಮುನ್ಸೂಚನೆ ಕೊಡುವುದು ಬಿಳಿ, ಅಂದರೆ ಯೋನಿಯಿಂದ ಹೋಗುವ ಲೋಳೆ. ಮೊದಲು ಅಂಟಂಟು, ಆಮೇಲೆ ಕೆನೆ ಥರ, ಕೊನೆಗೆ ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಹೆಬ್ಬೆರಳು ತೋರುಬೆರಳ ನಡುವೆ ಎರಡು ಇಂಚು ಎಳೆದರೂ ತುಂಡಾಗದು. ಬೆಂಡೆಕಾಯಿ ಹೆಚ್ಚಿದ ಚಾಕುವಿನ ಲೋಳೆ ನೆನಪಿಸಿಕೊಳ್ಳಿ. ಕೂಡಿದ ಮಾರನೇ ಬೆಳಿಗ್ಗೆ ಗೊಂದಲವಾದರೆ ಒಂದು ಲೋಟ ನೀರಿಗೆ ಹಾಕಿ: ವೀರ್ಯ ಕದಡಿಹೋಗುತ್ತದೆ, ಲೋಳೆ ಉಂಡೆಯಾಗಿ ಉಳಿಯುತ್ತದೆ. ಅಲರ್ಜಿ ಮಾತ್ರೆ ನುಂಗಿದ ವಾರ ಒಣಗಿದರೆ ಅಚ್ಚರಿಪಡಬೇಡಿ. ಮೊಸರಿನಂತೆ ಒಡೆದು ತುರಿಕೆಯಿದ್ದರೆ ಅದು ಸೋಂಕು, ಡಾಕ್ಟರಿಗೆ ತೋರಿಸಿ.

ಬೆಳಗಿನ ಮೈ ತಾಪ ಹೇಳುವುದೆಲ್ಲ ಅಂಡ ಬಿಡುಗಡೆ ಆದ ಮೇಲಿನ ಸುದ್ದಿ. ಆದರೂ ಬಿಡಬೇಡಿ, ಕಡ್ಡಿ ಸುಳ್ಳು ಹೇಳಿತೇ ಅಂತ ತಿಳಿಯುವುದು ಇದರಿಂದಲೇ. ಜ್ವರದ ಥರ್ಮಾಮೀಟರ್ ಸಾಲದು, ಎರಡು ದಶಮಾಂಶ ತೋರಿಸುವುದು ಬೇಕು. ನನ್ನದಕ್ಕೆ ಐನೂರರ ಹತ್ತಿರ ಕೊಟ್ಟ ನೆನಪು. ಹಾಸಿಗೆಯಿಂದ ಏಳುವ ಮುಂಚೆ, ದಿನಾ ಒಂದೇ ಹೊತ್ತಿಗೆ, ಕನಿಷ್ಠ ಮೂರು ತಾಸು ನಿದ್ದೆಯಾದ ಮೇಲೆ. ನಾಲಿಗೆಯಡಿ ಇಟ್ಟು ಬಾಯಿಮುಚ್ಚಿ ಮೂರು ನಿಮಿಷ ಬಿಟ್ಟು ಆಮೇಲೆ ಗುಂಡಿ ಒತ್ತಿ. ಇಟ್ಟಕೂಡಲೇ ಒತ್ತಿದರೆ ದಿನಕ್ಕೊಂದು ಅಂಕಿ ತೋರಿಸುತ್ತದೆ. ಮೊದಲರ್ಧದಲ್ಲಿ ನನಗೆ 97.2–97.5, ಆಮೇಲೆ 97.9–98.1 ಫ್ಯಾರನ್‌ಹೀಟ್. ಹಿಂದಿನ ಆರು ದಿನಗಳಿಗಿಂತ ಮೇಲೆ ಸತತ ಮೂರು ದಿನ ನಿಂತರೆ ಅಂಡ ಬಿಡುಗಡೆಯಾಗಿದೆ ಅಂತ ಒಪ್ಪಿಕೊಳ್ಳಿ.

ನಡುವೆ ಎಂಜಲು ಪರೀಕ್ಷೆಯ ಹುಚ್ಚೂ ಹಿಡಿದಿತ್ತು. ಮಕ್ಕಳ ಮೈಕ್ರೋಸ್ಕೋಪಿನಡಿ ಒಣಗಿದ ಎಂಜಲು ಜರೀಗಿಡದ ಎಲೆಯಂತೆ ಕಂಡರೆ ದಿನ ಹತ್ತಿರ ಅಂತೆ. 8ನೇ ದಿನವೇ ಜರೀಗಿಡ ಕಂಡಿತು. ಅನುಮಾನ ಬಂದು ಗಂಡನ ಎಂಜಲು ಇಟ್ಟೆ. ಅಲ್ಲೂ ಜರೀಗಿಡ!

‘ಕಡ್ಡಿ ನೋಡಿಕೊಂಡು ಮಕ್ಕಳಾಗ್ತಾವಾ’ ಅಂದವರು ಮನೆಯಲ್ಲೇ ಇದ್ದರು. ಒಂಬತ್ತನೇ ಚಾರ್ಟಿನಲ್ಲಿ 17ನೇ ದಿನ ಲೋಳೆ, 19ರ ಸಂಜೆ ಗಾಢ ಗೆರೆ, 21ಕ್ಕೆ ತಾಪ ಏರಿತು. ಹದಿನೆಂಟು ದಿನವಾದರೂ ಇಳಿಯಲಿಲ್ಲ. ಮೊದಲ ಸ್ಕ್ಯಾನಿನಲ್ಲಿ ಮುಟ್ಟಿನ ಲೆಕ್ಕಕ್ಕಿಂತ ಮಗು ಒಂದು ವಾರ ಚಿಕ್ಕದು, ಬೆಳವಣಿಗೆ ಸಾಲದು ಅಂದರು. ಚಾರ್ಟ್ ತೆಗೆದು 19ನೇ ದಿನದ ಮೇಲೆ ಬೆರಳಿಟ್ಟೆ. ಹೆರಿಗೆಯ ತಾರೀಖು ತಿದ್ದಿ ಬರೆದರು.