ಸಮುರಾಯಿ ಕತ್ತಿಯನ್ನು ಹಿಡಿಯುವ, ಒರೆಸುವ, ಒರೆಗೆ ಸೇರಿಸುವ ಕ್ರಮ

ಹಳೆಯ ಜಪಾನಿನ ಯೋಧರಾದ ಸಮುರಾಯಿಗಳ ಮರ್ಯಾದೆಯ ಕಟ್ಟುಪಾಡು ಯಾವುದೋ ಒಂದೇ ಗ್ರಂಥದಲ್ಲಿ ಬರೆದಿಟ್ಟದ್ದಲ್ಲ. ಅದರ ಬಹುಪಾಲು ಕೈಗೆ ರೂಢಿಯಾದದ್ದು: ಕತ್ತಿಯನ್ನು ಎಲ್ಲಿಡಬೇಕು, ಹರಿತದ ಕಡೆಯನ್ನು ಯಾರತ್ತ ತಿರುಗಿಸಬಾರದು, ಯಾವಾಗ ಹಿಡಿಗೆ ಕೈ ಹಾಕಬಾರದು. ಬೀದಿಯಲ್ಲಿ ಇಬ್ಬರ ಒರೆಗಳು ತಾಗಿದರೂ ಜಗಳಕ್ಕೆ ಅದೇ ಸಾಕಾಗುತ್ತಿತ್ತು. 1701ರಲ್ಲಿ ಅಕೋ ಸಂಸ್ಥಾನದ ಒಡೆಯ ಅಸಾನೊ ನಗಾನೊರಿ, ಆಳುವವರ ನೆಲೆಯಾದ ಎದೊ ಕೋಟೆಯೊಳಗೆ ಕಿರುಗತ್ತಿ ಹಿರಿದು ಅಲ್ಲಿನ ಅಧಿಕಾರಿ ಕಿರಾ ಯೊಶಿನಾಕಾನನ್ನು ಗಾಯಗೊಳಿಸಿದ. ಅದೇ ದಿನ ಅಸಾನೊಗೆ ಸೆಪ್ಪುಕು, ಅಂದರೆ ತನ್ನ ಹೊಟ್ಟೆಯನ್ನು ತಾನೇ ಸೀಳಿಕೊಂಡು ಸಾಯುವ ಶಿಕ್ಷೆ, ವಿಧಿಸಿದರು, ಸಂಸ್ಥಾನವನ್ನೂ ಕಿತ್ತುಕೊಂಡರು. 1876ರ ಮೇಜಿ ಸರ್ಕಾರದ ಆಜ್ಞೆಯಿಂದ ಸೊಂಟದಲ್ಲಿ ಕತ್ತಿ ಕಟ್ಟಿಕೊಂಡು ಓಡಾಡುವ ಹಕ್ಕು ಹೋಯಿತು, ಆದರೆ ಕತ್ತಿಯನ್ನು ನೋಡುವ, ಒರೆಸುವ ಕ್ರಮ ಇಂದಿಗೂ ಉಳಿದಿದೆ. ಅದರ ಒಂದೊಂದು ನಡೆಯೂ ಎದುರಿನವರಿಗೆ ತೋರುವ ಗೌರವ, ಜೊತೆಗೆ ಉಕ್ಕನ್ನು ಉಳಿಸುವ ಉಪಾಯ. ಕಾರಣ ತಿಳಿದು ಮಾಡಿದರೆ ಕೈ ತಪ್ಪುವುದಿಲ್ಲ.

ಮೊದಲು ನಿಮ್ಮ ಕೈಯಲ್ಲಿರುವುದು ಏನು?

ಜಪಾನಿನ ಹಳೆಯ ಅಳತೆಯಲ್ಲಿ ಒಂದು ಶಾಕು ಎಂದರೆ 30.3 ಸೆಂ.ಮೀ. ಅಲಗು ಎರಡು ಶಾಕು, ಅಂದರೆ 60.6 ಸೆಂ.ಮೀ. ಅಥವಾ ಹೆಚ್ಚು ಉದ್ದವಿದ್ದರೆ ಕಟಾನ. ಒಂದರಿಂದ ಎರಡು ಶಾಕುವಿನೊಳಗೆ ವಾಕಿಝಾಶಿ. ಒಂದು ಶಾಕುವಿಗಿಂತ ಕಡಿಮೆಯಾದರೆ ತಾಂತೊ. ಕಟಾನ, ವಾಕಿಝಾಶಿ ಎರಡೂ ಸೇರಿದ ಜೋಡಿಗೆ ದೈಶೊ ಎಂದು ಹೆಸರು.

ನಮ್ಮ ಊರುಗಳಲ್ಲಿ ಇಯಾಯ್ದೊ, ಅಂದರೆ ಕತ್ತಿ ಹಿರಿಯುವ ಜಪಾನಿ ಕಲೆ, ಕಲಿಯುವವರ ಹತ್ತಿರ ಇರುವುದು ಸಾಮಾನ್ಯವಾಗಿ ಇಯಾಯ್ತೊ. ಅದು ಸತು ಮತ್ತು ಅಲ್ಯೂಮಿನಿಯಂ ಬೆರೆಸಿದ, ಹರಿತವಿಲ್ಲದ ಅಭ್ಯಾಸದ ಕತ್ತಿ. ಅದಕ್ಕೆ ಉಚಿಕೊ ಎಂಬ ಸಾಣೆಕಲ್ಲಿನ ಪುಡಿ ಹಾಕಲೇಬೇಡಿ. ಮೇಲಿನ ಲೇಪ ಗೀರುತ್ತದೆ. ಮೆತ್ತನೆಯ ಬಟ್ಟೆಯಿಂದ ಬೆವರು ಒರೆಸಿ, ತೆಳುವಾಗಿ ಎಣ್ಣೆ ಸವರಿದರೆ ಮುಗಿಯಿತು. ಮುಂದೆ ಹೇಳುವ ಶುಚಿ ಮಾಡುವ ಕ್ರಮ ಹದ ಹಾಕಿದ ಉಕ್ಕಿನ ಅಲಗಿಗೆ ಮಾತ್ರ.

ಹಿಡಿಯುವುದು, ಕೊಡುವುದು, ಇಡುವುದು

ಕುಳಿತಾಗ ಕತ್ತಿಯನ್ನು ಬಲಗಡೆ, ಹರಿತದ ಕಡೆ ನಿಮ್ಮತ್ತ ಇರುವಂತೆ ಇಡಿ. ಬಲಗೈಯಿಂದ ಹಿರಿಯುವ ಆಯುಧ ಬಲಗಡೆಯೇ ಇದ್ದರೆ ತಟ್ಟನೆ ಹಿರಿಯಲಾಗದು. “ನಿಮ್ಮ ಮೇಲೆ ನನಗೆ ಅನುಮಾನವಿಲ್ಲ” ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಕತ್ತಿ ಇಟ್ಟ ಜಾಗವೇ ಹೇಳುತ್ತದೆ. ಎಡಗಡೆ ಇಟ್ಟರೆ ಅರ್ಥ ತಿರುಗುಮುರುಗು. ಬೇರೆಯವರ ಮನೆಗೆ ಹೋದಾಗ ಉದ್ದದ ಕತ್ತಿಯನ್ನು ಬಾಗಿಲಲ್ಲೇ ಒಪ್ಪಿಸಿ, ಕಿರುಗತ್ತಿಯೊಂದಿಗೆ ಒಳಗೆ ಹೋಗುವ ಪದ್ಧತಿಯೂ ಇದೇ ಕಾರಣಕ್ಕೆ ಬಂದದ್ದು.

ಇನ್ನೊಬ್ಬರಿಗೆ ಕೊಡುವಾಗ ಎರಡೂ ಕೈಯಲ್ಲಿ ಹಿಡಿದು, ಹರಿತದ ಕಡೆ ನಿಮ್ಮತ್ತಲೇ ಇರುವಂತೆ ಕೊಡಿ. ತೆಗೆದುಕೊಂಡವರು “ಹಿಡಿದೆ” ಎಂದು ತಿಳಿಸುವ ತನಕ ಕೈ ಬಿಡಬೇಡಿ. ಕತ್ತಿ ಬೀಳುವುದು ಹೆಚ್ಚಾಗಿ ಈ ಅರೆಗಳಿಗೆಯಲ್ಲೇ. ಬಿದ್ದರೆ ಹಿಡಿಯಲು ಕೈ ಚಾಚಬೇಡಿ, ಕಾಲು ಹಿಂದಕ್ಕೆಳೆದುಕೊಳ್ಳಿ.

ಎಡಗೈ ಹೆಬ್ಬೆರಳಿನಿಂದ ತ್ಸುಬಾವನ್ನು, ಅಂದರೆ ಹಿಡಿಯ ಮುಂದಿನ ಬಿಲ್ಲೆಯನ್ನು, ನೂಕಿ ಕತ್ತಿಯನ್ನು ಒರೆಯಿಂದ ಸಡಿಲ ಮಾಡುವ ಚಲನೆಯೊಂದಿದೆ. ಜನರ ಮುಂದೆ ಸುಮ್ಮನೆ ಹಾಗೆ ಮಾಡುವುದು ಬೆದರಿಕೆ. ಆದರೆ ಅದೇ ಕತ್ತಿಯನ್ನು ತುಸು ಹಿರಿದು, ಸದ್ದಾಗುವಂತೆ ಒರೆಗೆ ತಟ್ಟುವುದು ಸಮುರಾಯಿಗಳಲ್ಲಿ ಮಾತು ಕೊಡುವ ರೀತಿಯಾಗಿತ್ತು. ಅದಕ್ಕೆ ಕಿಂಚೊ ಎನ್ನುತ್ತಾರೆ. ಬೆರಳಷ್ಟು ಉಕ್ಕು ಹೊರಬಂದರೂ ಅದಕ್ಕೆ ಅರ್ಥವಿತ್ತು. ಸಮುರಾಯಿ ಎಂದೊಡನೆ ಬರೀ ತಲೆ ಕಡಿಯುವುದನ್ನು ನೆನೆಯುವವರು ತಿಳಿಯಬೇಕಾದ ಸಂಗತಿ ಇದು.

ಒರೆಯಿಂದ ಹಿರಿಯುವುದು

ಹರಿತದ ಕಡೆ ಮೇಲಿರಲಿ. ಎಡಗೈಯಲ್ಲಿ ಒರೆಯನ್ನು ಕೆಳಗಿನಿಂದ, ಬಲಗೈಯಲ್ಲಿ ಹಿಡಿಯನ್ನು ಮೇಲಿನಿಂದ ಹಿಡಿಯಿರಿ. ಅಲಗಿನ ಬುಡದಲ್ಲಿ ಹಬಾಕಿ ಎಂಬ ಲೋಹದ ಪಟ್ಟಿ ಇದೆ. ಕತ್ತಿ ತಾನಾಗಿ ಜಾರದಂತೆ ಒರೆಯ ಬಾಯಲ್ಲಿ ಬಿಗಿಯಾಗಿ ಕೂರುವುದು ಅದೇ. ಮೊದಲು ಆ ಬಿಗಿಯನ್ನಷ್ಟೇ ಬಿಡಿಸಿ, ಒಂದು ಕ್ಷಣ ನಿಂತು, ಆಮೇಲೆ ಒಂದೇ ಎಳೆತದಲ್ಲಿ ನಿಧಾನವಾಗಿ ಹಿರಿಯಿರಿ. ಅಲಗಿನ ಬೆನ್ನು ಮಾತ್ರ ಒರೆಯ ಒಳಮೈ ಮೇಲೆ ಜಾರಬೇಕು. ಪಕ್ಕಕ್ಕೆ ಓರೆಯಾದರೆ ಅಲಗಿನ ಮೈ ಗೀರುತ್ತದೆ, ಹರಿತ ಮರಕ್ಕೆ ತಾಗಿದರೆ ಒರೆಯನ್ನೇ ಒಳಗಿನಿಂದ ಕೊಯ್ಯುತ್ತದೆ. ಒರೆ ಎರಡು ಹೋಳು ಮರ ಅಂಟಿಸಿ ಮಾಡಿದ್ದು. ಹಳೆಯ ಒರೆಯ ಅಂಟು ಬಿಟ್ಟಿದ್ದರೆ ಹರಿತ ಸಂದಿಯಿಂದ ಹೊರಬಂದು ಬೆರಳನ್ನು ಕತ್ತರಿಸಬಹುದು, ಹಾಗಾಗಿ ಹರಿತದ ಕಡೆಗೆ ಬೆರಳು ಸುತ್ತಬೇಡಿ.

ಅಲಗು ಹೊರಬಂದ ಮೇಲೆ ಅದರ ಮೇಲೆ ಮಾತಾಡಬೇಡಿ. ಇದು ಬರೀ ಶಿಷ್ಟಾಚಾರವಲ್ಲ: ಕಣ್ಣಿಗೆ ಕಾಣದ ಉಗುಳಿನ ಹನಿ ಸಾಕು, ಅಲ್ಲೇ ತುಕ್ಕಿನ ಚುಕ್ಕೆ ಮೂಡುತ್ತದೆ. ಬಾಯಲ್ಲಿ ಮಡಚಿದ ಕಾಗದ ಕಚ್ಚಿಕೊಂಡು ಕತ್ತಿ ನೋಡುವ ರೂಢಿ ಇದರಿಂದಲೇ. ಬೆರಳು ತಾಗಿದರಂತೂ ಬೆವರಿನ ಉಪ್ಪು ಕೆಲವೇ ದಿನಗಳಲ್ಲಿ ಬೆರಳಚ್ಚನ್ನೇ ತುಕ್ಕಾಗಿ ಬರೆಯುತ್ತದೆ.

ಬಿಚ್ಚಿ ಒರೆಸುವುದು

ಬೇಕಾದವು: ಮೆಕುಗಿ (ಹಿಡಿಯಲ್ಲಿರುವ ಮೊಳೆ) ತೆಗೆಯುವ ಹಿತ್ತಾಳೆಯ ಪುಟ್ಟ ಸುತ್ತಿಗೆ, ಕೈಯಲ್ಲಿ ಹಿಸುಕಿ ಮೆತ್ತಗೆ ಮಾಡಿದ ವಾಶಿ ಎಂಬ ಜಪಾನಿ ಕಾಗದ ಅಥವಾ ಪರಿಮಳವಿಲ್ಲದ ಟಿಶ್ಯೂ, ಉಚಿಕೊ, ಚೋಜಿ ಎಣ್ಣೆ, ಎಣ್ಣೆ ಸವರಲು ಫ್ಲಾನೆಲ್ ತುಂಡು. ಕೆಳಗೆ ದಪ್ಪ ಬಟ್ಟೆ ಹಾಸಿ, ಮಕ್ಕಳು ಸುಳಿಯದ ಕೋಣೆಯಲ್ಲಿ ಕುಳಿತುಕೊಳ್ಳಿ.

ಚೋಜಿ ಎಂದರೆ ಲವಂಗ ನಿಜ, ಆದರೆ ಹಲ್ಲುನೋವಿಗೆ ಹಚ್ಚುವ ಲವಂಗದೆಣ್ಣೆ ಇದಲ್ಲ. ಈಗ ಸಿಗುವ ಚೋಜಿಯಲ್ಲಿ ಹೆಚ್ಚಿನದು ತೆಳು ಖನಿಜ ಎಣ್ಣೆ, ವಾಸನೆಗೆ ಸ್ವಲ್ಪ ಲವಂಗ. ಅದು ಸಿಗದಿದ್ದರೆ ಬಣ್ಣವಿಲ್ಲದ ಹೊಲಿಗೆ ಯಂತ್ರದ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಕಮಟು ಹಿಡಿದು ಜಿಗುಟಾಗುತ್ತದೆ.

ಹಿಡಿಯನ್ನು ಅಲಗಿಗೆ ಬಂಧಿಸಿರುವುದು ಮೆಕುಗಿ ಎಂಬ ಒಂದು ಬಿದಿರಿನ ಮೊಳೆ. ಅದರ ಒಂದು ತುದಿ ಸಣ್ಣ, ಇನ್ನೊಂದು ತುಸು ದಪ್ಪ. ಸಣ್ಣ ತುದಿಯ ಕಡೆಯಿಂದ ನೂಕಿ. ದಪ್ಪ ಕಡೆಯಿಂದ ಬಡಿದರೆ ಮೊಳೆ ಇನ್ನಷ್ಟು ಬಿಗಿಯುತ್ತದೆ, ಕೊನೆಗೆ ಹಿಡಿಯ ಮರವೇ ಸೀಳುತ್ತದೆ. ಹೊರತೆಗೆದ ಮೊಳೆಯನ್ನು ನೋಡಿ: ಸೀಳು, ನಜ್ಜು ಕಂಡರೆ ಹೊಸದು ಹಾಕಿಸುವ ತನಕ ಆ ಕತ್ತಿಯನ್ನು ಬೀಸಬಾರದು. ಅಭ್ಯಾಸದ ನಡುವೆ ಅಲಗು ಹಿಡಿಯಿಂದ ಹಾರುವುದಕ್ಕೆ ಕಾರಣ ಈ ಚೋಟುದ್ದದ ಬಿದಿರೇ.

ಈಗ ಎಡಗೈಯಲ್ಲಿ ಹಿಡಿಯ ತುದಿಯನ್ನು ಹಿಡಿದು, ಕತ್ತಿಯನ್ನು ಮೊನೆ ಮೇಲಾಗಿ ತುಸು ವಾಲಿಸಿ, ಬಲಗೈ ಮುಷ್ಟಿಯಿಂದ ಎಡ ಮಣಿಕಟ್ಟಿನ ಮೇಲೆ ಮೆಲ್ಲಗೆ ಗುದ್ದಿ. ಆ ಅದುರಿಗೆ ಅಲಗು ಒಳಗಿನಿಂದ ಸಡಿಲವಾಗಿ ಏಳುತ್ತದೆ. ಎರಡು ಮೂರು ಏಟಿಗೆ ನಕಾಗೊ, ಅಂದರೆ ಹಿಡಿಯೊಳಗಿನ ಬಾಲ, ಕೈಗೆ ಸಿಗುವಷ್ಟು ಹೊರಬಂದಾಗ ಅದನ್ನು ಹಿಡಿದು ಎತ್ತಿ. ತಾಂತೊ ಆದರೆ ಇನ್ನೂ ಮೆಲ್ಲಗೆ ತಟ್ಟಿ. ಬಾಲ ಚಿಕ್ಕದಾದ್ದರಿಂದ ಅಲಗು ಒಂದೇ ಏಟಿಗೆ ಚಿಮ್ಮಬಹುದು. ಮೆಕುಗಿಯನ್ನು ಖಾಲಿ ಹಿಡಿಯ ತೂತಿಗೇ ಸಿಕ್ಕಿಸಿಡಿ, ಇಲ್ಲವಾದರೆ ಹುಡುಕುವ ಕೆಲಸ ಖಂಡಿತ.

ನಕಾಗೊ ಕಪ್ಪಗೆ, ಕಂದಗೆ ತುಕ್ಕು ಹಿಡಿದಿರುತ್ತದೆ. ಇದನ್ನು ಉಜ್ಜಬೇಡಿ. ಆ ತುಕ್ಕಿನ ಬಣ್ಣ ಮತ್ತು ಹಾಸು ಕತ್ತಿಯ ವಯಸ್ಸಿಗೆ ಸಾಕ್ಷಿ, ಕಮ್ಮಾರನ ಹೆಸರು ಕೆತ್ತಿರುವುದೂ ಇಲ್ಲೇ. “ಗಲೀಜಾಗಿದೆ” ಎಂದು ತಿಕ್ಕಿ ಹೊಳಪು ತಂದವರು ನೂರಾರು ವರ್ಷದ ದಾಖಲೆಯನ್ನು ಒಂದು ಮಧ್ಯಾಹ್ನದಲ್ಲಿ ಅಳಿಸಿದಂತೆ. ಸರಿಪಡಿಸಲಾಗದ ತಪ್ಪು ಇದು.

ಹಬಾಕಿ ಕಳಚಿ, ಕಾಗದವನ್ನು ಎರಡಾಗಿ ಮಡಚಿ, ಅಲಗನ್ನು ಬೆನ್ನಿನ ಕಡೆಯಿಂದ ಕಾಗದದೊಳಗೆ ಹಿಡಿದು, ಬುಡದಿಂದ ಮೊನೆಯತ್ತ ಒಂದೇ ದಿಕ್ಕಿಗೆ ಎಳೆಯಿರಿ. ಹಿಂದುಮುಂದಾಗಿ ಉಜ್ಜಿದರೆ ಗೀರೂ ಬೀಳುತ್ತದೆ, ಬೆರಳೂ ಹೋಗುತ್ತದೆ. ಹಳೆಯ ಎಣ್ಣೆ ಹೋದ ಮೇಲೆ ಉಚಿಕೊ: ರೇಷ್ಮೆ ಬಟ್ಟೆಯಲ್ಲಿ ಕಟ್ಟಿದ ಸಾಣೆಕಲ್ಲಿನ ಅತಿ ನುಣುಪು ಪುಡಿ. ಕೆಲವು ಸೆಂಟಿಮೀಟರಿಗೊಮ್ಮೆ ಹಗುರವಾಗಿ ತಟ್ಟುತ್ತ ಹೋಗಿ, ಬೇರೆ ಕಾಗದದಿಂದ ಒರೆಸಿ. ಪುಡಿ ಉಳಿದ ಎಣ್ಣೆಯನ್ನು ಹೀರುತ್ತದೆ. ಆದರೆ ಅದು ಕಲ್ಲೇ. ಪದೇಪದೇ ಬಳಸಿದರೆ ಮೈಯಲ್ಲಿ ಕೂದಲೆಳೆಯ ಗೀರು ತುಂಬಿ ಹಾಮೊನ್, ಅಂದರೆ ಹರಿತದುದ್ದಕ್ಕೂ ಇರುವ ಹದದ ಬಿಳಿ ಅಲೆ, ಮಂಕಾಗುತ್ತದೆ. ಈಗಿನ ಅನೇಕ ಸಂಗ್ರಾಹಕರು ಪುಡಿಯ ಬದಲು ಶುದ್ಧ ಆಲ್ಕೋಹಾಲ್ ಹಚ್ಚಿದ ಮೆತ್ತನೆಯ ಕಾಗದ ಬಳಸುತ್ತಾರೆ. ನಮಗೂ ಅದೇ ಸರಿ ಎನಿಸುತ್ತದೆ.

ನೋಡಬೇಕಾದ ಗಳಿಗೆ ಇದೇ. ಟ್ಯೂಬ್‌ಲೈಟ್ ಆರಿಸಿ, ಒಂಟಿ ಬಲ್ಬಿನತ್ತ ಮೊನೆ ತೋರಿಸಿ ಅಲಗನ್ನು ನಿಧಾನವಾಗಿ ಓರೆ ಮಾಡಿ. ಬೆಳಕು ಜಾರಿದಂತೆ ಹಾಮೊನ್ ಮಂಜಿನೊಳಗಿನ ಬೆಟ್ಟಸಾಲಿನ ಹಾಗೆ ಎದ್ದು ಬರುತ್ತದೆ. ಕೆಂಪು ಚುಕ್ಕೆ ಇದ್ದರೂ ಈಗಲೇ ಕಾಣುತ್ತದೆ. ಚುಕ್ಕೆಗೆ ಉಜ್ಜುಕಾಗದವಾಗಲಿ ಹಿತ್ತಾಳೆ ಪಾಲಿಶ್ ಆಗಲಿ ಹಾಕಬೇಡಿ. ಎಣ್ಣೆ ಹಚ್ಚಿ ಹರಡದಂತೆ ತಡೆದು, ಕಲಿತ ಸಾಣೆಗಾರರಿಗೆ ತೋರಿಸಿ. ಪ್ರತಿ ಸಾಣೆಯೂ ಅಲಗಿನಿಂದ ಸ್ವಲ್ಪ ಉಕ್ಕನ್ನು ತೆಗೆಯುತ್ತದೆ, ಒಳಗಿನ ಮೆದು ಉಕ್ಕು ಬಯಲಾದರೆ ಕತ್ತಿಯ ಆಯುಸ್ಸು ಮುಗಿದಂತೆ.

ಕೊನೆಗೆ ಫ್ಲಾನೆಲ್‌ಗೆ ಒಂದೆರಡು ಹನಿ ಎಣ್ಣೆ, ಅಷ್ಟೇ. ಅಲಗಿನ ಮೇಲೆ ಹನಿ ನಿಲ್ಲಬಾರದು. ಹೆಚ್ಚಾದ ಎಣ್ಣೆ ಒರೆಯ ಮರಕ್ಕೆ ಇಳಿದು ಧೂಳು ಹಿಡಿಯುತ್ತದೆ. ಹಬಾಕಿ, ಹಿಡಿ, ಮೆಕುಗಿ ಮರಳಿ ಕೂಡಿಸಿ. ಒರೆಗೆ ಹಾಕುವಾಗ ಹರಿತ ಮೇಲಿರಲಿ, ಮೊನೆಯ ಬೆನ್ನನ್ನು ಒರೆಯ ಬಾಯಿಗೆ ತಾಗಿಸಿ, ಬೆನ್ನಿನ ಮೇಲೆಯೇ ಜಾರಿಸಿ.

ಇಟ್ಟುಕೊಳ್ಳುವುದು

ಕತ್ತಿಯನ್ನು ಅಡ್ಡವಾಗಿ, ಹರಿತ ಮೇಲಾಗಿ ಇಡಿ. ಬಹುಕಾಲ ಇಡುವುದಾದರೆ ಶಿರಾಸಾಯಾ ಎಂಬ ಬಣ್ಣ ಬಳಿಯದ ಮರದ ಒರೆ ಒಳ್ಳೆಯದು. ಅದರ ಹೋಳುಗಳನ್ನು ಅನ್ನದ ಅಂಟಿನಿಂದ ಕೂಡಿಸಿರುವುದರಿಂದ ಒಳಗೆ ತುಕ್ಕು ಮೆತ್ತಿದರೆ ಬಿಡಿಸಿ ಶುಚಿ ಮಾಡಬಹುದು. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಎಣ್ಣೆ ಬದಲಿಸಿದರೆ ಸಾಕು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಎರಡು ಮೂರು ವಾರಕ್ಕೊಮ್ಮೆ ತೆಗೆದು ನೋಡಿ.

ಆಯುಧಪೂಜೆಯ ದಿನ ಕತ್ತಿಯನ್ನೂ ಪೂಜೆಗಿಡುವ ಮನಸ್ಸಾದರೆ ಇಡಿ, ಆದರೆ ಒರೆಯೊಳಗೇ ಇರಲಿ. ಕಲಸಿದ ಅರಿಶಿನ ಕುಂಕುಮ, ನಿಂಬೆಹಣ್ಣಿನ ರಸ ಅಲಗಿಗೆ ತಾಗಿದರೆ ಮರುದಿನವೇ ಕಲೆ ಕೂರುತ್ತದೆ. ಹೂವನ್ನು ಪೀಠದ ಮೇಲೆ ಏರಿಸಿ.