ಒಂದು ಕೆಜಿ ಬಟನ್‌ಗೆ ಆರು ಕೆಜಿ ರಿವೆಟ್

ಎಂಟನೇ ಕ್ಲಾಸಿನಲ್ಲಿದ್ದಾಗ ಅಮ್ಮ ನನ್ನನ್ನು ಬಟನ್, ರಿವೆಟ್ ತರಲು ಅಂಗಡಿಗೆ ಕಳಿಸಿದ್ದರು. ನಮ್ಮ ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಓಣಿ ತುಂಬ ಜೀನ್ಸ್ ಕೆಲಸ. ಒಬ್ಬರ ಮನೆಯಲ್ಲಿ ಹೊಲಿಗೆ, ಇನ್ನೊಬ್ಬರ ಮನೆಯಲ್ಲಿ ದಾರ ಕತ್ತರಿಸುವುದು, ನಮ್ಮ ಮನೆಯಲ್ಲಿ ಬಟನ್, ಜೇಬಿನ ಮೂಲೆಗೆ ಹಾಕುವ ಸಣ್ಣ ಲೋಹದ ರಿವೆಟ್ ಹೊಡೆಯುವುದು.

"ಒಂದು ಪ್ಯಾಂಟಿಗೆ ಒಂದು ಬಟನ್, ಆರು ರಿವೆಟ್. ಕೆಜಿ ಬಟನ್ ತಗೋ, ಅದಕ್ಕೆ ತಕ್ಕಂಗೆ ರಿವೆಟ್ ತಗೊಂಡು ಬಾ" ಅಂದಿದ್ದರು. ಲೆಕ್ಕದಲ್ಲಿ ನಾನು ಶಾಣ್ಯಾ. ಒಂದು ಕೆಜಿ ಬಟನ್, ಆರು ಕೆಜಿ ರಿವೆಟ್ ಹೊತ್ತುಕೊಂಡು ಬಂದೆ.

ನಮ್ಮ ಬಟನ್ ಒಂದಕ್ಕೆ ಸುಮಾರು ಎರಡೂವರೆ ಗ್ರಾಂ. ಕೆಜಿಗೆ 400 ಬಂದವು. ಅಂದರೆ 400 ಪ್ಯಾಂಟ್, 2400 ರಿವೆಟ್. ರಿವೆಟ್ ಒಂದಕ್ಕೆ ಗ್ರಾಂ ಕೂಡ ಇರಲಿಲ್ಲ, 0.8 ಅಷ್ಟೇ. ಬೇಕಾಗಿದ್ದುದು ಎರಡು ಕೆಜಿಗೂ ಕಡಿಮೆ, 1920 ಗ್ರಾಂ. ಆ ಲಾಟು ಮುಗಿದ ಮೇಲೂ ಐದು ಸಾವಿರ ರಿವೆಟ್ ಡಬ್ಬದಲ್ಲಿ ಕೂತಿದ್ದವು. ಅಮ್ಮ ಬೈಯಲಿಲ್ಲ. "ಆರು ಅಂದ್ರೆ ಎಣಿಕೆ ಲೇ, ತೂಕ ಅಲ್ಲ" ಅಂದರು, ಅಷ್ಟೇ.

ಆದರೆ ಆ ಮಾತನ್ನು ಮೂರು ವರ್ಷದಲ್ಲಿ ಮರೆತೇಬಿಟ್ಟಿದ್ದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಪಿಯುಸಿ ಸೈನ್ಸ್ ಇಂಗ್ಲಿಷಿನಲ್ಲಿ. ರಾಸಾಯನಿಕ ಕ್ರಿಯೆಯಲ್ಲಿ ಯಾವುದು ಎಷ್ಟು ಬೇಕು, ಯಾವುದು ಎಷ್ಟು ಬರುತ್ತದೆ ಎಂಬ ಲೆಕ್ಕಕ್ಕೆ ಸ್ಟಾಯ್ಕಿಯೋಮೆಟ್ರಿ ಎಂಬ ಹೆಸರು ಕೇಳಿಯೇ ಅರ್ಧ ಜೀವ ಹೋಗಿತ್ತು. ಮೊದಲ ಟೆಸ್ಟಿನಲ್ಲಿ 50ಕ್ಕೆ 9. ಉತ್ತರ ಪತ್ರಿಕೆ ತಿರುಗಿಸಿ ನೋಡಿದರೆ ಅದೇ ತಪ್ಪು, ಅದೇ ಆರು ಕೆಜಿ ರಿವೆಟ್! ಸಮೀಕರಣದಲ್ಲಿ ಒಂದಕ್ಕೆ ಮೂರು ಅಂತ ಇದ್ದರೆ, 10 ಗ್ರಾಂಗೆ 30 ಗ್ರಾಂ ಅಂತ ಬರೆದಿದ್ದೆ.

ಈಗ ಇದೇ ಊರಿನಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುತ್ತೇನೆ. ಈ ಪಾಠದ ದಿನ ಜೇಬಿನಲ್ಲಿ ಬಟನ್, ರಿವೆಟ್ ಇರುತ್ತವೆ. ಲ್ಯಾಬಿನ ತಕ್ಕಡಿ ಮೇಜಿನ ಮೇಲಿಟ್ಟು ಮೊದಲು ನನ್ನ ಪೆದ್ದುತನದ ಕಥೆ ಹೇಳುತ್ತೇನೆ. ನಗುತ್ತಾರೆ. ಆಮೇಲೆ ಒಂದು ಹಿಡಿ ಬಟನ್ ತೂಗಿಸಿ, ಎಣಿಸದೆ ಎಷ್ಟಿವೆ ಹೇಳಿ ಅನ್ನುತ್ತೇನೆ. ಭಾಗಿಸಿ ಹೇಳುತ್ತಾರೆ. ಮೋಲ್ ಮಾಡುವ ಕೆಲಸವೂ ಇಷ್ಟೇ. ಪರಮಾಣುಗಳನ್ನು ಕೂತು ಎಣಿಸಲು ಆಗಲ್ಲ, ತೂಗಿ ಎಣಿಸಬೇಕು. ಬಟನ್ ಅಂಗಡಿಯಲ್ಲಿ 144ಕ್ಕೆ ಒಂದು ಗ್ರೋಸ್ ಅನ್ನುತ್ತಾರೆ. ಕೆಮಿಸ್ಟ್ರಿಯ ಗ್ರೋಸ್ ಅಂದರೆ ಮೋಲ್, ಅದು ಸ್ವಲ್ಪ ದೊಡ್ಡದು, 6.022ನ್ನು ಹತ್ತರ 23ನೇ ಘಾತದಿಂದ ಗುಣಿಸಿದಷ್ಟು.

ಲೆಕ್ಕಕ್ಕೆ ನಾನು ತಗೊಳ್ಳುವುದು ನಮ್ಮ ಊರಿನದೇ ಕೆಂಪು ಮಣ್ಣು, ಸಂಡೂರಿನ ಅದಿರು. ಅದರಲ್ಲಿರುವ ಹೆಮಟೈಟ್ ಅಂದರೆ ಫೆರಿಕ್ ಆಕ್ಸೈಡ್, ಕಬ್ಬಿಣ, ಆಕ್ಸಿಜನ್ ಸೇರಿದ Fe₂O₃. ಊದುಕುಲುಮೆಯಲ್ಲಿ ಅದರ ಆಕ್ಸಿಜನ್ ಕಿತ್ತುಕೊಳ್ಳುವ ಮುಖ್ಯ ಕೆಲಸ ಕಾರ್ಬನ್ ಮೊನಾಕ್ಸೈಡಿನದು. ಸರಿದೂಗಿಸಿದ ಸಮೀಕರಣವನ್ನು ಬಾಯಲ್ಲಿ ಹೇಳುವುದಾದರೆ, ಒಂದು ಫೆರಿಕ್ ಆಕ್ಸೈಡಿಗೆ ಮೂರು ಕಾರ್ಬನ್ ಮೊನಾಕ್ಸೈಡ್ ಹಾಕಿದರೆ ಎರಡು ಕಬ್ಬಿಣ, ಮೂರು ಕಾರ್ಬನ್ ಡೈಆಕ್ಸೈಡ್.

ಒಂದು ಕೆಜಿ ಶುದ್ಧ ಫೆರಿಕ್ ಆಕ್ಸೈಡಿನಿಂದ ಎಷ್ಟು ಕಬ್ಬಿಣ? ಒಂದು ಮೋಲ್ ಫೆರಿಕ್ ಆಕ್ಸೈಡಿಗೆ 160 ಗ್ರಾಂ. 1000ವನ್ನು 160ರಿಂದ ಭಾಗಿಸಿದರೆ 6.25 ಮೋಲ್. ಈಗ ತೂಕ ಮರೆತುಬಿಡಿ, ಕೈಯಲ್ಲಿರುವುದು ಬರೀ ಎಣಿಕೆ. ಅನುಪಾತವನ್ನು ಇಲ್ಲಿ ಮಾತ್ರ ಮುಟ್ಟಬೇಕು. ಒಂದಕ್ಕೆ ಎರಡು, ಹಾಗಾಗಿ ಕಬ್ಬಿಣ 12.5 ಮೋಲ್. ಕಬ್ಬಿಣದ ಮೋಲಿಗೆ 56 ಗ್ರಾಂ, ಒಟ್ಟು 700 ಗ್ರಾಂ. ಕಾರ್ಬನ್ ಮೊನಾಕ್ಸೈಡ್ 18.75 ಮೋಲ್, ಅಂದರೆ 525 ಗ್ರಾಂ. ಹೊರಬರುವ ಕಾರ್ಬನ್ ಡೈಆಕ್ಸೈಡ್ 825 ಗ್ರಾಂ. ಒಳಗೆ ಹೋದದ್ದು 1525, ಹೊರಗೆ ಬಂದದ್ದು 1525. ಈ ಕೂಡುವ ಲೆಕ್ಕವನ್ನು ಪ್ರತಿ ಸಲ ಮಾಡಿಸುತ್ತೇನೆ. ಎರಡು ಕಡೆ ತಾಳೆ ಆಗಲಿಲ್ಲ ಅಂದರೆ ಎಲ್ಲೋ ಎಡವಿದ್ದೀವಿ ಅಂತಲೇ ಅರ್ಥ.

ಈ ಉದಾಹರಣೆಯಲ್ಲಿ ಒಂದು ಮೋಸವಿದೆ. ನನಗೇ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಫೆರಿಕ್ ಆಕ್ಸೈಡಿನ ಸೂತ್ರದಲ್ಲಿ ಕೆಳಗೆ ಸಣ್ಣದಾಗಿ ಎರಡು, ಮೂರು ಅಂತ ಇರುತ್ತವಲ್ಲ, ಕೆಲವರು ಅವನ್ನೇ ಅನುಪಾತ ಅಂತ ಓದುತ್ತಾರೆ. ಇಲ್ಲಿ ಉತ್ತರ ಹೇಗೋ ಸರಿ ಬಂದುಬಿಡುತ್ತದೆ! ಹಾಗಾಗಿ ಪಕ್ಕದಲ್ಲೇ ಹೈಡ್ರೋಜನ್ ಅನಿಲ, ಆಕ್ಸಿಜನ್ ಅನಿಲ ಸೇರಿ ನೀರಾಗುವ ಲೆಕ್ಕ ಕೊಡುತ್ತೇನೆ. ಹೈಡ್ರೋಜನ್‌ಗೂ ಕೆಳಗೆ ಎರಡು, ಆಕ್ಸಿಜನ್‌ಗೂ ಕೆಳಗೆ ಎರಡು. ಸಮಸಮ ಅಂತ ಬರೆದವರು ಅಲ್ಲಿ ಸಿಕ್ಕಿಬೀಳುತ್ತಾರೆ. ನೋಡಬೇಕಾದದ್ದು ಸೂತ್ರದ ಮುಂದೆ ನಿಂತ ದೊಡ್ಡ ಅಂಕಿ. ಹೈಡ್ರೋಜನ್ ಎರಡು, ಆಕ್ಸಿಜನ್ ಒಂದು. 4 ಗ್ರಾಂಗೆ 32 ಗ್ರಾಂ ಸೇರಿ 36 ಗ್ರಾಂ ನೀರು.

ಒಮ್ಮೆ ಈ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವರಪ್ಪ ಅದಿರಿನ ಲಾರಿ ಓಡಿಸುತ್ತಾರೆ. "ಸರ್, ನಮ್ಮಪ್ಪ 63 ಗ್ರೇಡ್ ಅಂತಾರಲ್ರೀ, 70 ಗ್ರೇಡ್ ಅಂತ ಕೇಳೇ ಇಲ್ಲ" ಅಂದ. ಖುಷಿಯಾಯಿತು. ಗ್ರೇಡ್ ಅಂದರೆ ಅದಿರಿನಲ್ಲಿ ನೂರಕ್ಕೆ ಎಷ್ಟು ಭಾಗ ಕಬ್ಬಿಣ ಎಂಬುದು. ಹೆಮಟೈಟ್ ಪೂರ್ತಿ ಶುದ್ಧವಾಗಿದ್ದರೂ 70 ದಾಟಲ್ಲ, ಈಗಷ್ಟೇ ಬೋರ್ಡ್ ಮೇಲೆ ಬಂತಲ್ಲ. 63 ಹೇಗೆ ಅಂತ ನೀನೇ ಮಾಡಿಕೊಂಡು ಬಾ ಅಂದೆ.

ಮರುದಿನ ಥರ್ಮಿಟ್. ರೈಲು ಹಳಿ ಬೆಸೆಯಲು ಬಳಸುವ ಪುಡಿ ಇದು. ಎರಡು ಅಲ್ಯೂಮಿನಿಯಂ, ಒಂದು ಫೆರಿಕ್ ಆಕ್ಸೈಡ್ ಸೇರಿ ಒಂದು ಅಲ್ಯೂಮಿನಿಯಂ ಆಕ್ಸೈಡ್, ಎರಡು ಕಬ್ಬಿಣ. ಶಾಖ ಎಷ್ಟೆಂದರೆ ಕಬ್ಬಿಣ ಕರಗಿ ಹರಿದುಬರುತ್ತದೆ. 27 ಗ್ರಾಂ ಅಲ್ಯೂಮಿನಿಯಂ, 100 ಗ್ರಾಂ ಫೆರಿಕ್ ಆಕ್ಸೈಡ್ ಕೊಟ್ಟು, ಮೊದಲು ಖಾಲಿಯಾಗುವುದು ಯಾವುದು ಅಂತ ಕೇಳಿದೆ. ತೂಕ ನೋಡಿದವರು ಅಲ್ಯೂಮಿನಿಯಂ ಅಂದರು. ನಿನ್ನೆಯ ಪಾಠ ಕಲಿತವರು ಮೋಲ್ ಮಾಡಿದರು. ಅಲ್ಯೂಮಿನಿಯಂ 1, ಫೆರಿಕ್ ಆಕ್ಸೈಡ್ 0.625. ಕಡಿಮೆ ಇರುವುದು ಫೆರಿಕ್ ಆಕ್ಸೈಡ್, ಅದೇ ಮೊದಲು ಖಾಲಿ ಅಂದರು. ತಪ್ಪು! ಸುಮ್ನೆ ತೂಕ ನೋಡಿ ಹೇಳಿದವರದೇ ಸರಿ, ಅದೂ ಅದೃಷ್ಟದಿಂದ.

ಡಬ್ಬದಲ್ಲಿ ರಿವೆಟ್ ಜಾಸ್ತಿ ಇದೆ ಅಂದರೆ ಸಾಲದು, ಒಂದು ಪ್ಯಾಂಟಿಗೆ ಆರು ಬೇಕಲ್ವಾ? ಹಾಗೆಯೇ ಇಲ್ಲೂ ಪ್ರತಿಯೊಂದರ ಮೋಲನ್ನು ಅದರ ಮುಂದಿನ ಅಂಕಿಯಿಂದ ಭಾಗಿಸಬೇಕು. ಅಲ್ಯೂಮಿನಿಯಂ 1ನ್ನು 2ರಿಂದ ಭಾಗಿಸಿದರೆ 0.5. ಫೆರಿಕ್ ಆಕ್ಸೈಡ್ 0.625 ಹಾಗೇ. ಖಾಲಿಯಾಗುವುದು ಅಲ್ಯೂಮಿನಿಯಂ. ಕಬ್ಬಿಣ 56 ಗ್ರಾಂ, ಅಲ್ಯೂಮಿನಿಯಂ ಆಕ್ಸೈಡ್ 51, ಉಳಿದ ಫೆರಿಕ್ ಆಕ್ಸೈಡ್ 20. ಕೂಡಿದರೆ 127. ತಾಳೆ ಆಯಿತು.

ಬೆಲ್ ಹೊಡೆದ ಮೇಲೆ ಲಾರಿಯವರ ಹುಡುಗ ನೋಟ್‌ಬುಕ್ ಹಿಡಿದು ಬಂದ. 63 ಗ್ರೇಡಿನ ಒಂದು ಕೆಜಿ ಅದಿರಿನಲ್ಲಿ 630 ಗ್ರಾಂ ಕಬ್ಬಿಣ, ಅಂದರೆ 11.25 ಮೋಲ್. ಅದರ ಅರ್ಧ ಫೆರಿಕ್ ಆಕ್ಸೈಡ್, 5.625 ಮೋಲ್. 160ರಿಂದ ಗುಣಿಸಿ 900 ಗ್ರಾಂ. ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಮಾಡಿಕೊಂಡು ಬಂದಿದ್ದ, ನಾನು ಹೇಳಿಕೊಟ್ಟಿರಲಿಲ್ಲ.

"ಹಂಗಾದ್ರೆ ನೂರರಾಗೆ ಹತ್ತು ಭಾಗ ಬರೇ ಮಣ್ಣು ಅಂತ ಅಪ್ಪಗ ಹೇಳ್ದೆ ಸರ್."

"ಏನಂದ್ರು?"

"ನಂಗೆ ಬಾಡಿಗೆ ಟನ್ ಲೆಕ್ಕದಾಗೆ ಬರ್ತೈತೆ, ಮಣ್ಣಾದ್ರೇನು ಕಬ್ಬಿಣಾದ್ರೇನು ಅಂದ್ರು."