"ಗೇಜ್ ಎಷ್ಟೈತಿ?": ಕೋಡಿಂಗ್ ಬಾರದೆ ವೆಬ್‌ಸೈಟಿಗೆ ಟೇಬಲ್ ಹಾಕಿದ ನನ್ನ ಅನುಭವ

ಜುಲೈ ಬಂತೆಂದರೆ ನಮ್ಮ ಕಡೆ ಬೆಳಿಗ್ಗೆ ಫೋನ್ ಶುರುವಾಗುತ್ತದೆ. "ತಮ್ಮಾ, ಡ್ಯಾಮಿನಾಗ ನೀರು ಎಷ್ಟೈತಿ? ಅರವತ್ತೊಂಬತ್ತರಾಗ ಗೇಜ್ ಎಷ್ಟೈತಿ?" ಮಾನ್ವಿ ತಾಲ್ಲೂಕಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಪಹಣಿ ತೆಗೆಸೋಕೆ, ಅರ್ಜಿ ತುಂಬಿಸೋಕೆ ಬರುವವರೆಲ್ಲ ಭತ್ತ ಹಚ್ಚುವವರೇ. ನಮ್ಮ ಮನೆಯದೂ ಅದೇ.

ಹೊರಗಿನವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ತುಂಗಭದ್ರಾ ಡ್ಯಾಮಿನ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಶುರುವಾಗಿ ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯಿಂದ ರಾಯಚೂರಿನವರೆಗೆ 227 ಕಿಲೋಮೀಟರ್ ಹರಿಯುತ್ತದೆ. ನಾವು ಅದನ್ನು ಇವತ್ತಿಗೂ ಮೈಲಿನಲ್ಲೇ ಹೇಳೋದು. 69ನೇ ಮೈಲಿನಲ್ಲಿ ಎಷ್ಟು ಅಡಿ ನೀರು ನಿಂತಿದೆ, 104ನೇ ಮೈಲಿನಲ್ಲಿ ಎಷ್ಟು ಅಡಿ ಎಂಬುದರ ಮೇಲೆ ಕಾಲುವೆಯ ಕೊನೆಯಲ್ಲಿರುವ ನಮ್ಮ ಕೆಳಭಾಗದವರ ಸಸಿ ಮಡಿ, ನಾಟಿ, ಕೂಲಿಯಾಳು ಎಲ್ಲ ನಿಂತಿರುತ್ತದೆ. ಗೇಜ್ ಅಂದರೆ ಈ ಅಡಿಯ ಲೆಕ್ಕವೇ, ಅದಕ್ಕೇ ಆ ಅಂಕಿ ಅಂದರೆ ಜನಕ್ಕೆ ಅಷ್ಟು ಮುಖ್ಯ.

ಮೊದಲು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಅದರ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದೆ. ಎರಡು ದಿನದ ಹಿಂದಿನ ಅಂಕಿ ಬೇಕು ಅಂದರೆ ಮೇಲಕ್ಕೆ ಉಜ್ಜುತ್ತಾ ಹೋಗಬೇಕು, ನಡುವೆ ಇನ್ನೂರು ಗುಡ್ ಮಾರ್ನಿಂಗ್ ಬಂದಿರುತ್ತವೆ. ಫೋಟೋದೊಳಗೆ ಹುಡುಕೋಕೂ ಆಗಲ್ಲ. ಹೀಗಾಗಿ 2024ರ ಜುಲೈನಲ್ಲಿ ಒಂದು ಸಣ್ಣ ವೆಬ್‌ಸೈಟ್ ಮಾಡಿ ಅಲ್ಲೊಂದು ಟೇಬಲ್ ಇಡೋಣ ಅಂದುಕೊಂಡೆ. ನಾನು ಓದಿದ್ದು ಬಿ.ಕಾಂ. ಎಕ್ಸೆಲ್ ಬರುತ್ತದೆ, ಕೋಡ್ ಬರಲ್ಲ.

ವರ್ಡ್‌ಪ್ರೆಸ್‌ನ ಉಚಿತ ಸೈಟಿನಿಂದ ಶುರು ಮಾಡಿದೆ. ಅದರಲ್ಲಿ ಟೇಬಲ್ ಬ್ಲಾಕ್ ಅಂತ ಇದೆ, ಎಷ್ಟು ಸಾಲು ಎಷ್ಟು ಕಾಲಂ ಅಂತ ಕೇಳುತ್ತದೆ, ಕೊಟ್ಟರೆ ಖಾಲಿ ಚೌಕ ಬರುತ್ತದೆ. ಹತ್ತು ಸಾಲಿನ ದರಪಟ್ಟಿಗೆ ಅದೇ ಸಾಕು, ಬೇರೆ ಏನೂ ಬೇಡ. ಆದರೆ ದಿನಾ ಒಂದು ಸಾಲು ಸೇರಿಸುವ ಕೆಲಸಕ್ಕೆ ಅದು ಆಗಿಬರಲಿಲ್ಲ. ವಿಂಗಡಿಸೋಕೆ ಆಗಲ್ಲ, ಹುಡುಕೋಕೆ ಆಗಲ್ಲ, ಮೊಬೈಲಿನಿಂದ ಸಾಲು ಸೇರಿಸೋದು ಅಂದರೆ ಬೆರಳು ನೋಯುತ್ತದೆ. ಟೇಬಲ್‌ಪ್ರೆಸ್ ಅನ್ನೋ ಪ್ಲಗಿನ್ (ಸೈಟಿಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್) ಒಳ್ಳೆಯದು, ಎಕ್ಸೆಲ್ ಫೈಲನ್ನೇ ನೇರವಾಗಿ ಒಳಗೆ ತೆಗೆದುಕೊಳ್ಳುತ್ತದೆ, ಹುಡುಕುವ ಡಬ್ಬಿಯನ್ನೂ ಕೊಡುತ್ತದೆ. ಆದರೆ ಉಚಿತ ಸೈಟಿನಲ್ಲಿ ಪ್ಲಗಿನ್ ಹಾಕೋಕೆ ಬಿಡಲಿಲ್ಲ. ನಿಮ್ಮದು ದುಡ್ಡು ಕೊಟ್ಟು ಹೋಸ್ಟಿಂಗ್ ತೆಗೆದುಕೊಂಡ ವರ್ಡ್‌ಪ್ರೆಸ್ ಸೈಟಾಗಿದ್ದರೆ ಮುಂದೆ ಓದುವ ಮುಂಚೆ ಅದನ್ನೇ ಒಮ್ಮೆ ನೋಡಿ.

ನಾನು ಗೂಗಲ್ ಸೈಟ್ಸ್‌ಗೆ ಬಂದೆ. ಪೈಸೆ ಖರ್ಚಿಲ್ಲ. ಅಂಕಿಗಳನ್ನು ಗೂಗಲ್ ಶೀಟ್ಸ್‌ನಲ್ಲಿ ಬರೆದು, ಸೈಟಿನಲ್ಲಿ ಇನ್ಸರ್ಟ್ ಒತ್ತಿ, ಆ ಶೀಟನ್ನು ಆರಿಸಿದರೆ ಪುಟದಲ್ಲಿ ಬಂದು ಕೂರುತ್ತದೆ. ಅರ್ಧ ಗಂಟೆಯ ಕೆಲಸ. ಲಿಂಕ್ ಕಳಿಸಿದೆ. ಐದೇ ನಿಮಿಷಕ್ಕೆ ಫೋನು. "ಪರ್ಮಿಷನ್ ಕೇಳಾಕತ್ತೈತಿ, ತೆರೆಯವಲ್ದು." ಸೈಟು ಎಲ್ಲರಿಗೂ ತೆರೆದಿದ್ದರೂ ಶೀಟು ನನ್ನೊಬ್ಬನಿಗೇ ತೆರೆದಿತ್ತು, ಎರಡಕ್ಕೂ ಬೇರೆ ಬೇರೆ ಬೀಗ ಇರುತ್ತದೆ. ಅವಸರದಲ್ಲಿ ಶೇರ್ ಒತ್ತಿ, ಲಿಂಕ್ ಇರುವ ಎಲ್ಲರಿಗೂ ಅಂತ ಕೊಟ್ಟೆ. ಪಕ್ಕದಲ್ಲಿ ವ್ಯೂವರ್ ಬದಲು ಎಡಿಟರ್ ಆಗಿದ್ದನ್ನು ನೋಡಲಿಲ್ಲ. ಎರಡನೇ ದಿನ ನಾಲ್ಕು ಸಾಲು ಮಾಯ. ಯಾರದೋ ಹೆಬ್ಬೆಟ್ಟು ತಾಗಿತ್ತು ಅಷ್ಟೇ, ಯಾರ ತಪ್ಪೂ ಅಲ್ಲ. ಫೈಲ್ ಮೆನುವಿನಲ್ಲಿ ವರ್ಷನ್ ಹಿಸ್ಟರಿ ಇದೆ, ಅಲ್ಲಿಂದ ಹಿಂದಿನ ದಿನದ್ದನ್ನು ವಾಪಸ್ ತಂದೆ. ಅದೊಂದು ಗೊತ್ತಿದ್ದರೆ ಎಷ್ಟೋ ರಾತ್ರಿ ನಿದ್ದೆ ಉಳಿಯುತ್ತದೆ.

ಇನ್ನೊಂದು ದಾರಿ ಪಬ್ಲಿಷ್ ಟು ವೆಬ್, ಅಂದರೆ ಶೀಟನ್ನು ಎಲ್ಲರಿಗೂ ಕಾಣುವ ವೆಬ್ ಪುಟವಾಗಿ ಹೊರಗೆ ಬಿಡೋದು. ಅದೂ ಫೈಲ್ ಮೆನುವಿನಲ್ಲೇ, ಶೇರ್ ಒಳಗೆ ಇದೆ. ಅಲ್ಲಿ ಒಂದು ಎಚ್ಚರ ಬೇಕೇ ಬೇಕು. ಮೊದಲಿಗೆ ಅದು ಪೂರ್ತಿ ಫೈಲನ್ನೇ ಪ್ರಕಟಿಸುತ್ತೇನೆ ಅನ್ನುತ್ತದೆ, ನೀವೇ ಕೆಳಗೆ ಹೋಗಿ ಒಂದು ಹಾಳೆಯನ್ನು ಮಾತ್ರ ಆರಿಸಬೇಕು. ನನ್ನ ಅದೇ ಫೈಲಿನ ಮೂರನೇ ಹಾಳೆಯಲ್ಲಿ ಅಂಗಡಿಯ ಉದ್ರಿ ಲೆಕ್ಕ ಇತ್ತು, ಹೆಸರು ಫೋನ್ ನಂಬರ್ ಸಮೇತ. ಒಂದು ಸಂಜೆ ಪೂರ್ತಿ ಅದು ಹೊರಗೆ ಕಾಣುತ್ತಿತ್ತು. ಗೊತ್ತಾದ ಕೂಡಲೇ ನಿಲ್ಲಿಸಿದೆ, ಆದರೆ ಆ ಹೊತ್ತಿನ ಎದೆಬಡಿತ ಇನ್ನೂ ನೆನಪಿದೆ. ನನ್ನನ್ನು ನಂಬಿ ಸಾಲ ಬರೆಸಿದವರ ಹೆಸರು ಅವು. ಅವತ್ತಿನಿಂದ ಜನಕ್ಕೆ ತೋರಿಸುವ ಫೈಲೇ ಬೇರೆ, ಮನೆಯ ಫೈಲೇ ಬೇರೆ. ಹಾಳೆ ಬಚ್ಚಿಟ್ಟರೆ ಸಾಕು ಅಂದುಕೊಳ್ಳಬೇಡಿ, ಫೈಲೇ ಬೇರೆ ಇರಲಿ.

ಇಷ್ಟಾದ ಮೇಲೂ ಫೋನಿನಲ್ಲಿ ನೋಡುವವರಿಗೆ ಅದು ಸರಿಯಾಗಿ ಕಾಣುತ್ತಿರಲಿಲ್ಲ. ಏಳು ಕಾಲಂ, ಅಂಗೈಯಷ್ಟು ಸ್ಕ್ರೀನ್. ಪುಟ ಸರಿಸೋಕೆ ಹೋದರೆ ಟೇಬಲ್ ಸರಿಯುತ್ತದೆ, ಟೇಬಲ್ ಸರಿಸೋಕೆ ಹೋದರೆ ಪುಟ. ನಮ್ಮ ಅಪ್ಪ ಎರಡು ಸಲ ಪ್ರಯತ್ನಿಸಿ ಫೋನ್ ನನ್ನ ಕೈಗೆ ಕೊಟ್ಟು "ನೀನೇ ಹೇಳಪ್ಪ" ಅಂದರು. ಅಪ್ಪನಿಗೆ ಓದೋಕೆ ಆಗದ ಟೇಬಲನ್ನು ಇಟ್ಟುಕೊಂಡು ಏನು ಮಾಡೋದು, ಅಲ್ವಾ?

ಆಗ ಸಿಕ್ಕಿದ್ದು ಡೇಟಾರ್‍ಯಾಪರ್. ಜರ್ಮನಿಯವರದ್ದು, ಪತ್ರಿಕೆಯವರು ಚಾರ್ಟ್ ಮಾಡೋಕೆ ಬಳಸುವಂಥದ್ದು. ಉಚಿತ ಖಾತೆಯಲ್ಲೇ ಟೇಬಲ್ ಮಾಡಬಹುದು, ಕೆಳಗೆ ಸಣ್ಣದಾಗಿ ಅವರ ಹೆಸರು ಬರುತ್ತದೆ. ಗೂಗಲ್ ಶೀಟಿನ ಲಿಂಕ್ ಕೊಟ್ಟೆ. ಹುಡುಕುವ ಡಬ್ಬಿ ಬೇಕಾ ಅಂದರೆ ಒಂದು ಟಿಕ್. ಒಂದು ಪುಟಕ್ಕೆ ಎಷ್ಟು ಸಾಲು ಅಂತ ಕೇಳುತ್ತದೆ, ನಾನು 10 ಇಟ್ಟೆ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಮೊಬೈಲಿನಲ್ಲಿ ಪ್ರತಿ ಸಾಲನ್ನೂ ಒಂದು ಕಾರ್ಡಿನ ಹಾಗೆ ಒಂದರ ಕೆಳಗೊಂದು ತೋರಿಸುವ ಆಯ್ಕೆ. ದಿನಾಂಕ, ಅದರ ಕೆಳಗೆ ಡ್ಯಾಂ ನೀರು, ಅದರ ಕೆಳಗೆ 69ನೇ ಮೈಲ್, ಅದರ ಕೆಳಗೆ 104. ಪಕ್ಕಕ್ಕೆ ಎಳೆಯೋದೇ ಬೇಡ. ಅಲ್ಲಿಂದ ಸಿಗುವ ಲಿಂಕನ್ನು ಗೂಗಲ್ ಸೈಟ್ಸ್‌ನಲ್ಲಿ ಎಂಬೆಡ್ ಅನ್ನೋ ಕಡೆ ಅಂಟಿಸಿದರೆ ಮುಗಿಯಿತು. ನಾನು ಶೀಟಿನಲ್ಲಿ ಒಂದು ಸಾಲು ಸೇರಿಸಿದರೆ ಸ್ವಲ್ಪ ಹೊತ್ತಿಗೆ ಪುಟದಲ್ಲೂ ಬರುತ್ತದೆ.

ಇಷ್ಟು ಓದಿ ಕೆಲಸ ಮುಗೀತು ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ನಿಜವಾದ ಕೆಲಸ ಇದ್ದಿದ್ದು ಶೀಟಿನ ಒಳಗೆ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನ್ ಕಿತ್ತು ಕೊಚ್ಚಿಹೋಯಿತು. ಡ್ಯಾಂ ತುಂಬಿತ್ತು. ಮರುದಿನದಿಂದ ನೀರನ್ನು ಹೊಳೆಗೆ ಬಿಟ್ಟು ಮಟ್ಟ ಇಳಿಸಬೇಕಾಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ, ಎಲ್ಲ ಕಡೆ ರೈತರು ಊಟ ಬಿಟ್ಟು ಅದನ್ನೇ ನೋಡುತ್ತಿದ್ದರು. ನನ್ನ ಪುಟಕ್ಕೆ ಅಷ್ಟು ಜನ ಬಂದಿದ್ದು ಅದೇ ಮೊದಲು. 12ನೇ ತಾರೀಖು ಮಧ್ಯಾಹ್ನ ನಮ್ಮೂರಿನ ಕಾಕಾ ಒಬ್ಬರು ಅಂಗಡಿಗೆ ಓಡಿ ಬಂದರು. "ಡ್ಯಾಂ ಖಾಲಿ ಆತೇನೋ?"

ಪುಟ ತೆರೆದು ನೋಡಿದೆ. ಹೊಸ ದಿನ ಮೇಲೆ ಬರಲಿ ಅಂತ ವಿಂಗಡಿಸಿದ್ದೆ. ಮೊದಲ ಸಾಲು ಆಗಸ್ಟ್ 12. ಅದರ ಕೆಳಗೆ ಆಗಸ್ಟ್ 11 ಇರಬೇಕಾದ ಕಡೆ ಜುಲೈ 12 ಕೂತಿತ್ತು! ಆಮೇಲೆ ಆಗಸ್ಟ್ 11, ಅದರ ಕೆಳಗೆ ಜುಲೈ 11. ಜುಲೈ ಮೊದಲಲ್ಲಿ ಡ್ಯಾಂ ಇನ್ನೂ ತುಂಬಿರಲಿಲ್ಲ, ಆ ಕಡಿಮೆ ಅಂಕಿಯನ್ನು ನೋಡಿ ಕಾಕಾ ಒಂದೇ ದಿನದಲ್ಲಿ ಅಷ್ಟು ನೀರು ಹೋಯಿತು ಅಂದುಕೊಂಡಿದ್ದರು. ಅವರು ಓದಿದ್ದು ಸರಿ, ನಾನು ತೋರಿಸಿದ್ದು ತಪ್ಪು.

ಕಾರಣ ಹುಡುಕೋಕೆ ಒಂದು ರಾತ್ರಿ ಹಿಡಿಯಿತು. ನನ್ನ ಶೀಟಿನ ಲೊಕೇಲ್, ಅಂದರೆ ಯಾವ ದೇಶದ ರೂಢಿ ಅನ್ನೋ ಸೆಟ್ಟಿಂಗ್, ಅಮೆರಿಕ ಅಂತ ಇತ್ತು. ಅವರು ಮೊದಲು ತಿಂಗಳು ಬರೆದು ಆಮೇಲೆ ದಿನ ಬರೆಯುತ್ತಾರೆ. ನಾನು 12/08/2024 ಅಂತ ಹೊಡೆದರೆ ಅದು ಡಿಸೆಂಬರ್ 8 ಅಂತ ಇಟ್ಟುಕೊಳ್ಳುತ್ತಿತ್ತು, 12/07 ಅಂದರೆ ಡಿಸೆಂಬರ್ 7. ಹಾಗಾಗಿ ಎರಡೂ ಅಕ್ಕಪಕ್ಕ. ಕಣ್ಣಿಗೆ ಮಾತ್ರ ನಾನು ಬರೆದ ಹಾಗೇ ಕಾಣುತ್ತಿತ್ತು, ಅದಕ್ಕೇ ಗೊತ್ತಾಗಲಿಲ್ಲ. 13ನೇ ತಾರೀಖಿನಿಂದಾಚೆ ಹದಿಮೂರನೇ ತಿಂಗಳು ಇಲ್ಲವಲ್ಲ, ಅವನ್ನು ದಿನಾಂಕ ಅಂತಲೇ ತಿಳಿಯದೆ ಬರೀ ಅಕ್ಷರದ ಹಾಗೆ ಬಿಟ್ಟಿತ್ತು. ಗುರುತು ಏನೆಂದರೆ ದಿನಾಂಕ ಚೌಕದ ಬಲಕ್ಕೆ ಅಂಟಿರುತ್ತದೆ, ಅಕ್ಷರ ಎಡಕ್ಕೆ. ಫೈಲ್, ಸೆಟ್ಟಿಂಗ್ಸ್, ಲೊಕೇಲ್ ಕಡೆ ಹೋಗಿ ಭಾರತ ಅಂತ ಮಾಡಿ. ಹೊಸ ಶೀಟ್ ತೆರೆದ ಕೂಡಲೇ, ಒಂದು ಅಂಕಿಯನ್ನೂ ಬರೆಯುವ ಮುಂಚೆ. ಯಾಕೆಂದರೆ ಆಮೇಲೆ ಬದಲಿಸಿದರೆ ಹಳೆಯ ತಪ್ಪು ದಿನಾಂಕಗಳು ತಾವೇ ಸರಿಯಾಗಲ್ಲ, ನಾನು ಒಂದೂವರೆ ತಿಂಗಳಿನದ್ದನ್ನು ಮತ್ತೆ ಕೂತು ಹೊಡೆದೆ. ಈಗ ತಿಂಗಳನ್ನು ಅಂಕಿಯಲ್ಲಿ ತೋರಿಸೋದೇ ಇಲ್ಲ, ಹೆಸರಿನಲ್ಲೇ ತೋರಿಸುತ್ತೇನೆ.

ಎರಡನೆಯದು ಅಡಿ ಮತ್ತು ಇಂಚು. ಗೇಜ್ ಹೇಳುವವರು "ಆರು ಅಡಿ ಮೂರು ಇಂಚು" ಅನ್ನುತ್ತಾರೆ. ನಾನು 6.3 ಅಂತ ಬರೆಯುತ್ತಿದ್ದೆ. ಅದು ತಪ್ಪು, 12 ಇಂಚಿಗೆ ಒಂದು ಅಡಿ, ಆರು ಅಡಿ ಮೂರು ಇಂಚು ಅಂದರೆ 6.25. ಇದಕ್ಕಿಂತ ಕೆಟ್ಟದ್ದು ಆರು ಅಡಿ ಹತ್ತು ಇಂಚು. 6.10 ಅಂತ ಬರೆದರೆ ಶೀಟು ಕೊನೆಯ ಸೊನ್ನೆ ತಿಂದು 6.1 ಮಾಡುತ್ತದೆ. ಆಗ ಹತ್ತು ಇಂಚಿನ ದಿನ ಮೂರು ಇಂಚಿನ ದಿನಕ್ಕಿಂತ ಕೆಳಗೆ ಬೀಳುತ್ತದೆ. ಕೆಳಭಾಗದವನಿಗೆ ಏಳು ಇಂಚು ಅಂದರೆ ಸಣ್ಣ ಮಾತಲ್ಲ. ಹಾಗಂತ "6 ಅಡಿ 10 ಇಂಚು" ಅಂತ ಒಂದೇ ಚೌಕದಲ್ಲಿ ಬರೆದರೆ ಅದು ಅಂಕಿಯೇ ಅಲ್ಲ, ಕೂಡಿಸೋಕೂ ಆಗಲ್ಲ, ವಿಂಗಡಿಸೋಕೂ ಆಗಲ್ಲ. ಈಗ ಅಡಿಗೆ ಒಂದು ಕಾಲಂ, ಇಂಚಿಗೆ ಒಂದು ಕಾಲಂ. ಮೂರನೆಯದರಲ್ಲಿ ಇಂಚನ್ನು 12ರಿಂದ ಭಾಗಿಸಿ ಅಡಿಗೆ ಕೂಡಿಸುವ ಸೂತ್ರ. ವಿಂಗಡಣೆ ಆ ಮೂರನೆಯದರಿಂದ. ರೂಪಾಯಿ, ಕೆಜಿ, ಚೀಲ, ಯಾವುದೇ ಇರಲಿ, ಅಳತೆಯ ಹೆಸರು ಕಾಲಮ್ಮಿನ ತಲೆಯಲ್ಲಿರಲಿ, ಚೌಕದಲ್ಲಿ ಬರೀ ಅಂಕಿ ಇರಲಿ.

ಒಂದು ಹೊಸ ಕಾಲಮ್ಮನ್ನೂ ಸೇರಿಸಿದೆ, ಅದು ಜನಕ್ಕೆ ಬಹಳ ಹಿಡಿಸಿತು. ತುಂಗಭದ್ರಾ ಮಂಡಳಿ ಒಳಹರಿವನ್ನು ಕ್ಯುಸೆಕ್‌ನಲ್ಲಿ, ಸಂಗ್ರಹವನ್ನು ಟಿಎಂಸಿಯಲ್ಲಿ ಕೊಡುತ್ತದೆ. ಎರಡಕ್ಕೂ ಏನು ಸಂಬಂಧ ಅಂತ ತುಂಬಾ ಜನ ಕೇಳುತ್ತಿದ್ದರು. ಸೆಕೆಂಡಿಗೆ ಒಂದು ಘನ ಅಡಿ ಅಂದರೆ ಒಂದು ಕ್ಯುಸೆಕ್, ದಿನಕ್ಕೆ 86,400 ಸೆಕೆಂಡು, ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಲೆಕ್ಕ ಹಾಕಿದರೆ ಸುಮಾರು 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಈಗ ಕ್ಯುಸೆಕ್ ಪಕ್ಕದಲ್ಲೇ "ದಿನಕ್ಕೆ ಎಷ್ಟು ಟಿಎಂಸಿ" ಅಂತ ಬರುತ್ತದೆ. ಡ್ಯಾಂ ಎಷ್ಟು ಶೇಕಡಾ ತುಂಬಿದೆ ಅನ್ನೋದನ್ನೂ 105.788 ಟಿಎಂಸಿಗೆ ಹಿಡಿದು ತೋರಿಸುತ್ತೇನೆ. ಹಿರಿಯರು ಇನ್ನೂ ಹಳೆಯ 133ರ ಲೆಕ್ಕದಲ್ಲೇ ಇರುತ್ತಾರೆ, ಹೂಳು ತುಂಬಿ ಈಗ ಅಷ್ಟು ಹಿಡಿಯಲ್ಲ ಅಂತ ಟೇಬಲಿನ ಕೆಳಗೆ ಒಂದು ಸಾಲು ಬರೆದಿದ್ದೇನೆ.

ಕನ್ನಡದ ತೊಂದರೆ ಎರಡು ಬಂದವು. ಯಾವ ಊರು ಯಾವ ಉಪಕಾಲುವೆಗೆ ಬರುತ್ತದೆ ಅನ್ನುವ ಪಟ್ಟಿ ಪೆನ್‌ಡ್ರೈವಿನಲ್ಲಿ ಸಿಕ್ಕಿತು, ಹಳೆಯ ನುಡಿ ಫಾಂಟಿನಲ್ಲಿ ಹೊಡೆದಿದ್ದು. ಶೀಟಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಗಜಿಬಿಜಿ. ಯೂನಿಕೋಡಿಗೆ ಬದಲಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ, ಆದರೆ ಬದಲಿಸಿದ ಮೇಲೆ ಒತ್ತಕ್ಷರ ಇರುವ ಊರುಗಳನ್ನು ಒಂದೊಂದಾಗಿ ಕಣ್ಣಿಟ್ಟು ನೋಡಿ. ಇನ್ನೊಂದು, ಒಬ್ಬರು ಮಾನ್ವಿ ಅಂತ ಬರೆಯುತ್ತಾರೆ, ಇನ್ನೊಬ್ಬರು ಮಾನವಿ. ಹುಡುಕುವ ಡಬ್ಬಿಗೆ ಎರಡೂ ಬೇರೆ ಊರು. ಶೀಟಿನಲ್ಲಿ ಡ್ರಾಪ್‌ಡೌನ್ ಇಟ್ಟು ಊರಿನ ಹೆಸರನ್ನು ಆರಿಸುವ ಹಾಗೆ ಮಾಡಿದೆ, ಹೊಡೆಯುವ ಹಾಗಿಲ್ಲ. ಹುಡುಗರು ಇಂಗ್ಲಿಷ್ ಅಕ್ಷರದಲ್ಲೇ ಹುಡುಕೋದು ಜಾಸ್ತಿ, ಅದಕ್ಕೆ ಊರಿನ ಹೆಸರನ್ನು ಆ ಅಕ್ಷರದಲ್ಲೂ ಪಕ್ಕಕ್ಕೆ ಬರೆದಿಟ್ಟೆ.

ಈಗ ಅಂಕಿ ಹಾಕೋದು ನಾನೊಬ್ಬನೇ ಅಲ್ಲ. ಒಂದು ಗೂಗಲ್ ಫಾರ್ಮ್ ಮಾಡಿ ಇಬ್ಬರು ಗೆಳೆಯರಿಗೆ ಕೊಟ್ಟಿದ್ದೇನೆ, ಅಡಿ ಒಂದು ಪ್ರಶ್ನೆ, ಇಂಚು ಒಂದು ಪ್ರಶ್ನೆ, ಇಂಚಿನಲ್ಲಿ 11ಕ್ಕಿಂತ ಜಾಸ್ತಿ ಹೊಡೆದರೆ ಫಾರ್ಮೇ ತೆಗೆದುಕೊಳ್ಳಲ್ಲ. ಅವರು ಕಳಿಸಿದ್ದು ಒಂದು ಹಾಳೆಗೆ ಬೀಳುತ್ತದೆ, ನಾನು ನೋಡಿ ಸರಿ ಅಂದ ಮೇಲೆ ತೋರಿಸುವ ಫೈಲಿಗೆ ಹೋಗುತ್ತದೆ. ಮೊನ್ನೆ ಸಿಂಧನೂರಿನ ಒಬ್ಬರು ಹತ್ತಿ ದರಕ್ಕೆ ಇದೇ ಥರದ್ದು ಬೇಕು ಅಂದರು, ಗೇಜಿನ ಕಾಲಂ ತೆಗೆದು ಖಾಲಿ ಫೈಲಿನ ಒಂದು ಪ್ರತಿ ಮಾಡಿ ಕಳಿಸಿದೆ. ಲೊಕೇಲ್ ಮೊದಲೇ ಭಾರತ ಅಂತ ಇಟ್ಟಿದ್ದೇನೆ. ಯಾರಿಗೆ ಬೇಕಾದರೂ ಕೇಳಿ, ಕೊಡುತ್ತೇನೆ.